ಪ್ಯಾರಾಸಿಟಿಕ್ ಡ್ರೈನ್: ನಿಂತ ಕಾರಿನ ಬ್ಯಾಟರಿ ಬಸಿದುಹೋಗುವ ಬಗೆ

ರಾತ್ರಿ ಚೆನ್ನಾಗಿಯೇ ಓಡಿಸಿಕೊಂಡು ಬಂದು ನಿಲ್ಲಿಸಿದ ಕಾರು, ಎರಡು ದಿನ ಬಿಟ್ಟು ಕೀಲಿ ತಿರುಗಿಸಿದಾಗ ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾದರೆ, ನಮ್ಮಲ್ಲಿ ಅದಕ್ಕೆ ಇರುವ ಹೆಸರು ಒಂದೇ: ‘ಬ್ಯಾಟರಿ ಡೌನ್’. ಈ ಮಾತು ಬ್ಯಾಟರಿಯ ಸ್ಥಿತಿಯನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಇಂಜಿನ್ ನಿಂತು, ಬಾಗಿಲು ಹಾಕಿ, ಕೀಲಿ ಜೇಬಿಗೆ ಸೇರಿದ ಮೇಲೂ ಬ್ಯಾಟರಿಯಿಂದ ಹರಿಯುತ್ತಲೇ ಇರುವ ವಿದ್ಯುತ್ತಿಗೆ ವಾಹನಗಳ ವಿದ್ಯುತ್ ಕೆಲಸ ಬಲ್ಲವರು ಕೊಟ್ಟಿರುವ ಹೆಸರು ‘ಪ್ಯಾರಾಸಿಟಿಕ್ ಡ್ರೈನ್’.

ಪ್ಯಾರಾಸೈಟ್ ಎಂಬ ಪದದ ಬೇರು ಗ್ರೀಕ್ ಭಾಷೆಯಲ್ಲಿದೆ. ‘ಪಕ್ಕದಲ್ಲಿ’ ಮತ್ತು ‘ಧಾನ್ಯ’ ಎಂಬ ಅರ್ಥದ ಎರಡು ಪದಗಳು ಸೇರಿ, ಇನ್ನೊಬ್ಬರ ಪಂಕ್ತಿಯಲ್ಲಿ ಕುಳಿತು ಉಂಡುಕೊಂಡಿರುವವನು ಎಂಬ ಅರ್ಥ ಅದಕ್ಕೆ ಬಂದಿತ್ತು. ಕನ್ನಡದ ಪಠ್ಯಪುಸ್ತಕಗಳು ಇದನ್ನು ಪರಾವಲಂಬಿ ಎನ್ನುತ್ತವೆ. ಆದರೆ ತೋಟ ಇರುವವರಿಗೆ ಮಾವು, ಸಪೋಟದ ಮರಗಳ ಮೇಲೆ ಬೆಳೆಯುವ ಬಂದಳಿಕೆಯನ್ನು ನೆನಪಿಸಿದರೆ ಹೆಚ್ಚು ಹೇಳಬೇಕಾಗುವುದಿಲ್ಲ. ದೂರದಿಂದ ನೋಡಿದವರಿಗೆ ಬಂದಳಿಕೆ ಆ ಮರದ್ದೇ ಕೊಂಬೆಯಂತೆ ಕಾಣುತ್ತದೆ, ಹತ್ತಿರ ಹೋಗಿ ಎಲೆ ನೋಡಿದಾಗಲೇ ಗುರುತು ಸಿಗುತ್ತದೆ. ಕಾರಿನೊಳಗೆ ಆಮೇಲೆ ಸೇರಿಕೊಂಡ ಉಪಕರಣಗಳ ವಿಷಯದಲ್ಲಿಯೂ ಇದೇ ಕಷ್ಟ.

ಇನ್ನು ‘ಡ್ರೈನ್’ ಎಂಬ ಪದ. ಗ್ಯಾರೇಜಿನಲ್ಲಿ ಇದನ್ನು ‘ಕರೆಂಟ್ ಲೀಕ್’ ಎನ್ನುವುದುಂಟು, ಅದನ್ನು ಕೇಳಿ ನಾವೂ ಸೋರಿಕೆ ಎಂದುಕೊಳ್ಳುತ್ತೇವೆ. ಕನ್ನಡದಲ್ಲಿ ಸೋರುವುದು ಬೇರೆ, ಬಸಿಯುವುದು ಬೇರೆ. ಒಡೆದ ಕೊಡ ಸೋರುತ್ತದೆ. ಗದ್ದೆಯ ನೀರು ಬಸಿಗಾಲುವೆಯ ದಾರಿ ಹಿಡಿದು ಬಸಿಯುತ್ತದೆ. ಬ್ಯಾಟರಿಯ ವಿದ್ಯುತ್ತು ಸಾಮಾನ್ಯವಾಗಿ ಗಾಳಿಗೆ ಸೋರಿ ಹೋಗುವುದಿಲ್ಲ. ಅದು ಒಂದು ತಂತಿಯ ಮೂಲಕ ಹೊರಟು, ಒಂದು ದೀಪವನ್ನೋ ಒಂದು ಸರ್ಕ್ಯೂಟನ್ನೋ ಹಾದು, ಕಾರಿನ ಲೋಹದ ಮೈಯ ಮೂಲಕ ನೆಗೆಟಿವ್ ಟರ್ಮಿನಲ್ಲಿಗೆ ಮರಳುತ್ತದೆ. ಇದನ್ನು ಬಸಿಯುವಿಕೆ ಎಂದು ತಿಳಿದವರು ಅದರ ಕಾಲುವೆ ಯಾವುದೆಂದು ಹುಡುಕುತ್ತಾರೆ, ಸೋರಿಕೆ ಎಂದು ತಿಳಿದವರು ಬ್ಯಾಟರಿಯನ್ನೇ ಬದಲಿಸುತ್ತಾರೆ.

ಹೆಸರಿನಲ್ಲಿ ಒಂದು ಅನ್ಯಾಯವೂ ಇದೆ. ನಿಂತ ಕಾರಿನಲ್ಲಿ ಹರಿಯುವ ವಿದ್ಯುತ್ತೆಲ್ಲ ಪರಾವಲಂಬಿಯ ಪಾಲಲ್ಲ. ಗಡಿಯಾರ ನಡೆಯಬೇಕು, ರೇಡಿಯೋ ತನ್ನ ಸ್ಟೇಷನ್ನುಗಳನ್ನು ನೆನಪಿಟ್ಟುಕೊಳ್ಳಬೇಕು, ಕಳ್ಳರ ಅಲಾರಂ ಎಚ್ಚರವಾಗಿರಬೇಕು, ದೂರದಿಂದ ರಿಮೋಟಿನ ಗುಂಡಿ ಒತ್ತಿದರೆ ಕೇಳಿಸಿಕೊಳ್ಳಲು ಒಂದು ರಿಸೀವರ್ ಸದಾ ಕಿವಿ ತೆರೆದಿರಬೇಕು. ಇವೆಲ್ಲ ಸೇರಿ ಇಂದಿನ ಕಾರುಗಳಲ್ಲಿ ಸಾಮಾನ್ಯವಾಗಿ 20ರಿಂದ 50 ಮಿಲಿಆಂಪಿಯರ್ ಬಳಸುತ್ತವೆ, ಮತ್ತು ಇದು ಮನೆಯವರ ಊಟದ ಖರ್ಚೇ ಹೊರತು ಕದ್ದು ತಿಂದದ್ದಲ್ಲ. ಹಲವರು ಈ ಸಹಜ ಬಳಕೆಯನ್ನೂ ಪ್ಯಾರಾಸಿಟಿಕ್ ಡ್ರೈನ್ ಎಂದೇ ಕರೆಯುವುದರಿಂದ ‘ನಿಮ್ಮ ಕಾರಿನಲ್ಲಿ ಡ್ರೈನ್ ಇದೆ’ ಎಂಬ ಮಾತಿಗೆ ಹೆಚ್ಚಿನ ಅರ್ಥ ಉಳಿಯುವುದಿಲ್ಲ. ಡ್ರೈನ್ ಎಲ್ಲ ಕಾರಿನಲ್ಲಿಯೂ ಇದೆ, ಎಷ್ಟು ಇದೆ ಎಂಬುದೇ ಪ್ರಶ್ನೆ.

ಆ ಲೆಕ್ಕ ಸುಲಭವಾದದ್ದು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಾಗಿ ಕಾಣುವ ಬ್ಯಾಟರಿಯ ಸಾಮರ್ಥ್ಯ 35 ಆಂಪಿಯರ್-ಗಂಟೆ. ಅಂಗಡಿಯವರ ಮಾತಿನಲ್ಲಿ 35 ಎಎಚ್. ಬ್ಯಾಟರಿ ಪೂರ್ತಿ ಬರಿದಾಗುವ ತನಕ ಕಾಯಬೇಕಾಗಿಲ್ಲ, ಅರ್ಧಕ್ಕೆ ಇಳಿದರೇ ಸ್ವಲ್ಪ ಹಳೆಯ ಬ್ಯಾಟರಿ ಸೆಲ್ಫ್ ಎತ್ತಲು ಒದ್ದಾಡುತ್ತದೆ, ಏಕೆಂದರೆ ಸೆಲ್ಫ್ ಮೋಟಾರು ತಿರುಗುವ ಕೆಲವು ಕ್ಷಣಗಳಲ್ಲಿ ನೂರು ಆಂಪಿಯರಿಗೂ ಮೀರಿ ಎಳೆಯುತ್ತದೆ. 30 ಮಿಲಿಆಂಪಿಯರ್ ಎಂದರೆ ದಿನಕ್ಕೆ 0.72 ಆಂಪಿಯರ್-ಗಂಟೆ, ಈ ವೇಗದಲ್ಲಿ ಅರ್ಧಕ್ಕೆ ಇಳಿಯಲು 24 ದಿನ ಬೇಕು. 50 ಮಿಲಿಆಂಪಿಯರ್ ಆದರೆ ಎರಡು ವಾರ. ಡಿಕ್ಕಿಯೊಳಗಿನ 5 ವ್ಯಾಟಿನ ಪುಟ್ಟ ಬಲ್ಬೊಂದು ಆರದೆ ಉಳಿದರೆ ಸುಮಾರು 420 ಮಿಲಿಆಂಪಿಯರ್. ದಿನಕ್ಕೆ 10 ಆಂಪಿಯರ್-ಗಂಟೆ. ಎರಡನೆಯ ದಿನ ಮುಗಿಯುವ ಮೊದಲೇ ಅರ್ಧ ಬ್ಯಾಟರಿ ಖಾಲಿ. 2020ರ ಲಾಕ್‌ಡೌನಿನಲ್ಲಿ ತಿಂಗಳುಗಟ್ಟಲೆ ಅಲುಗಾಡದ ಎಷ್ಟೋ ಕಾರುಗಳ ಬ್ಯಾಟರಿ ಇಳಿದುಹೋದದ್ದಕ್ಕೆ ಕಳ್ಳರನ್ನು ಹುಡುಕಬೇಕಾಗಿರಲಿಲ್ಲ, ಸಹಜ ಬಳಕೆಯೇ ಅಷ್ಟು ದಿನಗಳಲ್ಲಿ ಆ ಕೆಲಸ ಮಾಡಿತ್ತು. ಎರಡು ದಿನಕ್ಕೇ ಇಳಿದರೆ ಮಾತ್ರ ಹುಡುಕುವ ಕಾರಣವಿದೆ.

ಹುಡುಕುವ ಮೊದಲು ಬೇರೆ ಎರಡು ಸಾಧ್ಯತೆಗಳನ್ನು ಬದಿಗೆ ಸರಿಸಬೇಕು. ಬ್ಯಾಟರಿಯೇ ಮುದಿಯಾಗಿ ತುಂಬಿದ್ದನ್ನು ಹಿಡಿದಿಟ್ಟುಕೊಳ್ಳದೆ ಇರಬಹುದು, ಇಲ್ಲವೇ ಇಂಜಿನ್ನಿನ ಬಲದಿಂದ ವಿದ್ಯುತ್ ಹುಟ್ಟಿಸುವ ಆಲ್ಟರ್ನೇಟರ್ ಸರಿಯಾಗಿ ತುಂಬಿಸದೆ ಇರಬಹುದು. ಇಂಜಿನ್ ಚಾಲೂ ಇರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ, ವೋಲ್ಟ್ ಮತ್ತು ಆಂಪಿಯರ್ ಅಳೆಯುವ ಮಲ್ಟಿಮೀಟರ್ ಹಿಡಿದರೆ ಸುಮಾರು 13.8ರಿಂದ 14.5 ವೋಲ್ಟ್ ಕಾಣಬೇಕು. ಕಂಡರೆ ತುಂಬಿಸುವ ಕೆಲಸ ನಡೆಯುತ್ತಿದೆ ಎಂದು ತಿಳಿಯಬಹುದು. ಪೂರ್ತಿ ಚಾರ್ಜಾದ ಒಳ್ಳೆಯ ಬ್ಯಾಟರಿ ಕೆಲವು ಗಂಟೆ ಸುಮ್ಮನಿದ್ದ ಮೇಲೆ 12.6 ವೋಲ್ಟಿನ ಆಸುಪಾಸಿನಲ್ಲಿರುತ್ತದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗೆ ಬಂದರೆ ತಳ ಹತ್ತಿರವಾಗಿದೆ. ಬ್ಯಾಟರಿಯನ್ನು ಚಾರ್ಜ್ ಮಾಡಿ, ತಂತಿ ಬಿಚ್ಚಿ, ಒಂದು ರಾತ್ರಿ ಬೇರೆಯಾಗಿಯೇ ಇಟ್ಟು ಬೆಳಿಗ್ಗೆ ನೋಡಿದಾಗ ವೋಲ್ಟೇಜ್ ಉಳಿದಿದ್ದು, ಕಾರಿಗೆ ಜೋಡಿಸಿಟ್ಟ ರಾತ್ರಿ ಮಾತ್ರ ಇಳಿಯುತ್ತಿದ್ದರೆ, ದೋಷ ಬ್ಯಾಟರಿಯ ಹೊರಗಿದೆ.

ಇಲ್ಲಿ ಬ್ಯಾಟರಿ ಅಂಗಡಿಯವರ ತೀರ್ಪಿನ ಬಗ್ಗೆ ಒಂದು ಮಾತು ಹೇಳಬೇಕು. ಅವರು ಟೆಸ್ಟರ್ ಹಚ್ಚಿ ‘ಬ್ಯಾಟರಿ ವೀಕ್ ಆಗಿದೆ’ ಎಂದರೆ ಅದು ಸುಳ್ಳಾಗಿರಬೇಕಿಲ್ಲ. ಕಾರಿನ ಸೀಸ-ಆಮ್ಲದ ಬ್ಯಾಟರಿಯನ್ನು ರೂಪಿಸಿರುವುದು ಕ್ಷಣಮಾತ್ರ ಭಾರಿ ವಿದ್ಯುತ್ ಕೊಡಲಿಕ್ಕಾಗಿ, ತಳದ ತನಕ ಖಾಲಿಯಾಗಲಿಕ್ಕಲ್ಲ. ಖಾಲಿಯಾಗಿ ಹಾಗೆಯೇ ದಿನಗಟ್ಟಲೆ ಕುಳಿತರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಂದಿನ ಸಾಮರ್ಥ್ಯ ಮರಳುವುದಿಲ್ಲ. ಅಂದರೆ ಬಸಿಯುವಿಕೆಯೇ ಬ್ಯಾಟರಿಯನ್ನು ದುರ್ಬಲಗೊಳಿಸಿರುತ್ತದೆ, ನಾವು ದೌರ್ಬಲ್ಯವನ್ನೇ ಕಾರಣವೆಂದು ನಂಬಿ ಹೊಸ ಬ್ಯಾಟರಿಯನ್ನು ಅದೇ ಬಾಯಿಗೆ ಒಡ್ಡುತ್ತೇವೆ.

ನಾನು ಹೀಗೆ ಎಂಟು ತಿಂಗಳಲ್ಲಿ ಎರಡು ಬ್ಯಾಟರಿ ಹಾಕಿಸಿದವನು. ದಿನವೂ ಕಚೇರಿಗೆ ಓಡಿಸುತ್ತಿದ್ದರೆ ಏನೂ ತೊಂದರೆಯಿರಲಿಲ್ಲ. ಶುಕ್ರವಾರ ಸಂಜೆ ನಿಲ್ಲಿಸಿದರೆ ಸೋಮವಾರ ಬೆಳಿಗ್ಗೆ ಪಕ್ಕದ ಮನೆಯವರ ಕಾರಿನಿಂದ ಜಂಪ್ ಮಾಡಿಸಿಕೊಳ್ಳಬೇಕಾಗುತ್ತಿತ್ತು. ‘ಎರಡು ದಿನ ನಿಂತರೆ ಏಳುವುದಿಲ್ಲ, ದಿನಾ ಓಡಿಸಿದರೆ ಏಳುತ್ತದೆ’ ಎಂಬ ಈ ಒಂದು ವಾಕ್ಯದಲ್ಲಿಯೇ ರೋಗದ ಹೆಸರಿತ್ತು. ಅದನ್ನು ಗ್ಯಾರೇಜಿನಲ್ಲಿ ಹೇಳುವ ಬದಲು ‘ಬ್ಯಾಟರಿ ಡೌನ್’ ಎಂದಷ್ಟೇ ಹೇಳುತ್ತಿದ್ದೆ.

ಅಳೆಯುವ ಕ್ರಮ ಹೀಗಿದೆ. 10 ನಂಬರ್ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಆ ತಂತಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ಕಿಂಡಿಯಲ್ಲಿ ಸರಣಿಯಾಗಿ ಸೇರಿಸಬೇಕು, ಆಗ ಕಾರಿಗೆ ಹೋಗುವ ವಿದ್ಯುತ್ತೆಲ್ಲ ಮೀಟರಿನ ಮೂಲಕವೇ ಹಾದುಹೋಗುತ್ತದೆ. ಮೀಟರ್ ಹೀಗಿರುವಾಗ ಕೀಲಿ ತಿರುಗಿಸಲೇಬಾರದು. ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಆ ಕ್ಷಣಕ್ಕೇ ಹೋಗುತ್ತದೆ. ಮೊದಲ ಸಂಖ್ಯೆಯನ್ನು ನೋಡಿ ಗಾಬರಿಯಾಗುವವರು ಬಹಳ. ನನ್ನ ಮೀಟರ್ ಮೊದಲು 3 ಆಂಪಿಯರಿಗೂ ಹೆಚ್ಚು ತೋರಿಸಿತು. ತಂತಿ ಬಿಚ್ಚಿ ಮತ್ತೆ ಜೋಡಿಸಿದ ಕೂಡಲೇ ಕಾರಿನ ನಿಯಂತ್ರಣ ಘಟಕಗಳೆಲ್ಲ ಎದ್ದು ಕೂರುತ್ತವೆ. ಅವು ಒಂದೊಂದಾಗಿ ಮತ್ತೆ ನಿದ್ರೆಗೆ ಜಾರಲು 20 ನಿಮಿಷದಿಂದ ಒಂದು ಗಂಟೆಯ ತನಕ ಹಿಡಿಯಬಹುದು. ಬಾಗಿಲು ತೆರೆದಿದ್ದರೆ ಕಾರು ಮಲಗುವುದಿಲ್ಲ. ಆಮೇಲೆ ಫ್ಯೂಸುಗಳನ್ನು ಕೀಳಬೇಕಾಗುತ್ತದೆ, ಫ್ಯೂಸ್ ಬಾಕ್ಸ್ ಕಾರಿನ ಒಳಗಿದ್ದರೆ ಅದಕ್ಕಾಗಿ ಬಾಗಿಲು ತೆರೆದಿರಬೇಕು, ಆದ್ದರಿಂದ ಬಾಗಿಲಿನ ಬೀಗದ ಕೊಕ್ಕೆಯನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ, ಬಾಗಿಲು ಮುಚ್ಚಿದೆಯೆಂದು ಕಾರನ್ನು ನಂಬಿಸಬೇಕು. ಕೆಲಸ ಮುಗಿದ ಮೇಲೆ ಆ ಕೊಕ್ಕೆಯನ್ನು ಬಿಡಿಸಿಯೇ ಬಾಗಿಲು ಹಾಕಬೇಕೆಂಬುದನ್ನು ಮರೆತವರ ಬಾಗಿಲು ಮುಚ್ಚದೆ ಬಡಿಯುತ್ತದೆ. ಕೀಲಿ ಹಾಕದೆ ಗುಂಡಿ ಒತ್ತಿ ಚಾಲೂ ಮಾಡುವ ಕಾರಾದರೆ ಕೀಲಿಯನ್ನು ಮನೆಯ ಆ ತುದಿಯಲ್ಲಿ ಇಟ್ಟು ಬರಬೇಕು.

ನಾನು ಕಾಯ್ದೆ. 3 ಆಂಪಿಯರ್ ಒಂದಕ್ಕೆ ಇಳಿಯಿತು, ಆಮೇಲೆ ಸಟ್ಟನೆ 0.41ಕ್ಕೆ ಬಂದು ಅಲ್ಲಿಯೇ ನಿಂತಿತು. ಅರ್ಧ ಗಂಟೆಯಾದರೂ ಅಲ್ಲಾಡಲಿಲ್ಲ. ಆಗ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ, ಪ್ರತಿ ಸಲ ಮೀಟರ್ ನೋಡುತ್ತ ಹೋದೆ. ಒಳಗಿನ ದೀಪದ ಫ್ಯೂಸ್, ಹಾರನ್ ಫ್ಯೂಸ್, ಏನೂ ವ್ಯತ್ಯಾಸವಿಲ್ಲ. ರೇಡಿಯೋದ ಫ್ಯೂಸ್ ಕಿತ್ತಾಗ ಸಂಖ್ಯೆ 0.03ಕ್ಕೆ ಕುಸಿಯಿತು. ಕಾಲುವೆ ಸಿಕ್ಕಿತು. ಫ್ಯೂಸ್ ಕೀಳುವುದರಿಂದಲೇ ಮಲಗಿದ ಘಟಕವೊಂದು ಎದ್ದು ಲೆಕ್ಕ ತಪ್ಪಿಸುವ ಸಾಧ್ಯತೆ ಇರುವುದರಿಂದ, ಅನುಭವಿಗಳು ಫ್ಯೂಸನ್ನು ಮುಟ್ಟದೆ, ಅದರ ಬೆನ್ನಿನಲ್ಲಿ ಕಾಣುವ ಎರಡು ಲೋಹದ ಚುಕ್ಕೆಗಳ ನಡುವೆ ಮಿಲಿವೋಲ್ಟ್ ಅಳೆದು ಯಾವುದರಲ್ಲಿ ವಿದ್ಯುತ್ ಹರಿಯುತ್ತಿದೆ ಎಂದು ಗುರುತಿಸುತ್ತಾರೆ. ತಂತಿ ಬಿಚ್ಚುವ ತೊಂದರೆಯೇ ಬೇಡವೆಂದರೆ ತಂತಿಯ ಸುತ್ತ ಕಚ್ಚಿಸಿ ಡಿಸಿ, ಅಂದರೆ ಬ್ಯಾಟರಿಯ ಒಮ್ಮುಖ ವಿದ್ಯುತ್ತನ್ನು, ಅಳೆಯಬಲ್ಲ ಕ್ಲಾಂಪ್ ಮೀಟರ್ ಇದೆ. ಆದರೆ ಅಗ್ಗದ ಕ್ಲಾಂಪುಗಳು ಹತ್ತಿಪ್ಪತ್ತು ಮಿಲಿಆಂಪಿಯರ್ ಮಟ್ಟದಲ್ಲಿ ನಂಬಿಕೆಗೆ ಅರ್ಹವಲ್ಲ.

ಆ 0.41 ಎಲ್ಲಿಂದ ಬಂತು? ಹಿಂದಿನ ವರ್ಷ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ದೊಡ್ಡ ಪರದೆಯ ಸ್ಟೀರಿಯೋ ಹಾಕಿಸಿದ್ದೆ. ಇಂಥ ಸೆಟ್ಟುಗಳಿಗೆ ಎರಡು ವಿದ್ಯುತ್ ತಂತಿಗಳಿರುತ್ತವೆ: ಹಳದಿಯದು ನೆನಪು ಉಳಿಸಿಕೊಳ್ಳಲು ಸದಾ ಬ್ಯಾಟರಿಗೆ ಜೋಡಿಸಿರಬೇಕಾದದ್ದು, ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರಬೇಕಾದದ್ದು. ಫಿಟ್ ಮಾಡಿದವರು ಎರಡನ್ನೂ ಒಟ್ಟಿಗೆ ಹೊಸೆದು ಟೇಪ್ ಸುತ್ತಿದ್ದರು. ಪರದೆ ಕಪ್ಪಾಗಿ ಕಾಣುತ್ತಿತ್ತು, ಆದರೆ ಒಳಗೆ ಸೆಟ್ಟು ರಾತ್ರಿಯೆಲ್ಲ ಎಚ್ಚರವಾಗಿಯೇ ಇತ್ತು. ಹಿಂಬದಿಯನ್ನು ಮುಟ್ಟಿದರೆ ಬೆಚ್ಚಗಿತ್ತು.

ಸಂಶಯಿಸಬೇಕಾದವುಗಳ ಸಾಲಿನಲ್ಲಿ, ಆಮೇಲೆ ಹಾಕಿಸಿದ ಸಾಮಾನುಗಳನ್ನೇ ಮೊದಲು ನಿಲ್ಲಿಸಬೇಕೆಂಬುದು ನನ್ನ ಅಭಿಪ್ರಾಯ. ನಿಂತಾಗಲೂ ಚಿತ್ರ ಹಿಡಿಯುವ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್, ಗ್ಯಾರೇಜಿನವರು ಕಾರಿನ ದೋಷ ಓದಲು ಬಳಸುವ, ಸ್ಟೀರಿಂಗಿನ ಕೆಳಗಿನ ಓಬಿಡಿ ಕಿಂಡಿಗೆ ಚುಚ್ಚಿ ಮರೆತ ಪುಟ್ಟ ಸಾಧನ, ಇವೆಲ್ಲ ಇದೇ ಜಾತಿಯವು. ಓಬಿಡಿ ಕಿಂಡಿಯ 16ನೆಯ ಪಿನ್ನಿಗೆ ಕೀಲಿ ತೆಗೆದ ಮೇಲೂ ಬ್ಯಾಟರಿಯ ವಿದ್ಯುತ್ ಬರುತ್ತಲೇ ಇರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಕಾರಿನದ್ದೇ ಆದ ದೀಪಗಳ ಪೈಕಿ ಡಿಕ್ಕಿಯ ದೀಪ ಮತ್ತು ಗ್ಲೋವ್ ಬಾಕ್ಸಿನ ದೀಪ ಮೋಸಗಾರರು, ಏಕೆಂದರೆ ಮುಚ್ಚಳ ಹಾಕಿದ ಮೇಲೆ ಅವು ಆರಿದವೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ಚಾಲೂ ಮಾಡಿ ಒಳಗಿಟ್ಟು, ಒಂದು ನಿಮಿಷ ಮುಚ್ಚಿ ತೆಗೆದು ನೋಡಿದರೆ ಸಾಕು. ಅಂಟಿಕೊಂಡ ರಿಲೇ, ಅಂದರೆ ವಿದ್ಯುತ್ತಿನಿಂದಲೇ ತೆರೆದು ಮುಚ್ಚುವ ಸ್ವಿಚ್ಚು, ಬಿಟ್ಟು ಬಿಟ್ಟು ಕಾಡುವಂಥದು. ಬ್ಯಾಟರಿ ತಂತಿ ಬಿಚ್ಚಿದಾಗ ಅದು ತಾನಾಗಿ ಬಿಟ್ಟುಕೊಂಡು, ಅಳೆಯುವ ಹೊತ್ತಿಗೆ ಎಲ್ಲವೂ ಸರಿಯಾಗಿ ಕಂಡು, ಮಾರನೆಯ ವಾರ ಮತ್ತೆ ತೊಂದರೆ ಕೊಡುತ್ತದೆ. ಮನೆಯ ಪೋರ್ಟಿಕೋದಲ್ಲಿ ಕಾರು, ಗೋಡೆಯ ಈಚೆ ಬದಿಯ ಮೊಳೆಗೆ ಸ್ಮಾರ್ಟ್ ಕೀ ಎಂಬ ಏರ್ಪಾಡಿರುವ ಮನೆಗಳಲ್ಲಿ, ಕೀ ಹತ್ತಿರದಲ್ಲಿಯೇ ಇರುವುದರಿಂದ ಕೆಲವು ಕಾರುಗಳು ಸರಿಯಾಗಿ ನಿದ್ರೆಯನ್ನೇ ಮಾಡುವುದಿಲ್ಲ. ಎಲೆಕ್ಟ್ರಿಕ್ ಕಾರು ಕೊಂಡವರೂ ಇದರಿಂದ ಪಾರಾಗಿಲ್ಲ: ದೊಡ್ಡ ಬ್ಯಾಟರಿಯ ಜೊತೆಗೆ ಅಲ್ಲಿಯೂ ಸಾಮಾನ್ಯವಾಗಿ ಒಂದು 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ, ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ.

ಎಲ್ಲ ಫ್ಯೂಸ್ ಕಿತ್ತರೂ ಸಂಖ್ಯೆ ಇಳಿಯದಿದ್ದರೆ ಆಲ್ಟರ್ನೇಟರಿನ ಕಡೆಗೆ ತಿರುಗಬೇಕು. ಅದರೊಳಗಿನ ಡಯೋಡುಗಳು ವಿದ್ಯುತ್ತನ್ನು ಬ್ಯಾಟರಿಯ ಕಡೆಗೆ ಮಾತ್ರ ಹರಿಯಗೊಟ್ಟು, ಮರಳಿ ಬರದಂತೆ ತಡೆಯುವ ಒಮ್ಮುಖದ ಬಾಗಿಲುಗಳು. ಒಂದು ಕೆಟ್ಟರೆ ಹಗಲು ತುಂಬಿಸಿದ್ದನ್ನು ರಾತ್ರಿ ಅದೇ ದಾರಿಯಲ್ಲಿ ವಾಪಸು ಎಳೆದುಕೊಳ್ಳುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿಕೊಂಡು, ಆಲ್ಟರ್ನೇಟರಿನ ದಪ್ಪ ತಂತಿಯನ್ನು ಕಳಚಿ ತುದಿಗೆ ಟೇಪ್ ಸುತ್ತಿ, ಮತ್ತೆ ಮೀಟರ್ ಜೋಡಿಸಿ ಅಳೆದರೆ ಉತ್ತರ ಸಿಗುತ್ತದೆ. ಈ ಹಂತವನ್ನು ಎಲೆಕ್ಟ್ರಿಷಿಯನ್ನರಿಗೆ ಬಿಡುವುದು ಮೇಲು.

ನನ್ನ ಕಾರಿನಲ್ಲಿ ಕೆಂಪು ತಂತಿಯನ್ನು ಬೇರ್ಪಡಿಸಿ, ಕೀಲಿಯೊಂದಿಗೆ ಆಫ್ ಆಗುವ ಸಾಲಿಗೆ ಸೇರಿಸಲು ಎಲೆಕ್ಟ್ರಿಷಿಯನ್ನರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಮತ್ತೆ ಅಳೆದಾಗ ಮೀಟರ್ 0.03ರಲ್ಲಿ ನಿಂತಿತು. ಮೊದಲಿನ ಎರಡು ಬ್ಯಾಟರಿಗಳನ್ನು ಅಷ್ಟರಲ್ಲಾಗಲೇ, ಹೊಸದರ ಬೆಲೆಯಲ್ಲಿ ಸಿಕ್ಕ ಅಲ್ಪ ರಿಯಾಯಿತಿಗಾಗಿ, ಅಂಗಡಿಗೆ ಒಪ್ಪಿಸಿ ಬಂದಿದ್ದೆ.