ಬಟ್ಟೆ ಎತ್ತಿ, ಒಂದು ನಿಮಿಷ ನೋಡಿ

ಮಳೆಗಾಲ ಬಂತು ಅಂದರೆ ನನ್ನ ಕ್ಲಿನಿಕ್ಕಿಗೆ ಬರುವ ಮಕ್ಕಳದ್ದೆಲ್ಲ ಹೆಚ್ಚುಕಡಿಮೆ ಒಂದೇ ದೂರು. "ಡಾಕ್ಟ್ರೇ, ಎದೇಲಿ ಗೊರಗೊರ ಅಂತಿದೆ, ಕಫ ಕಟ್ಟಿದೆ, ಒಂದು ಸಿರಪ್ ಬರೆದುಕೊಡಿ." ನಿಜ ಹೇಳಬೇಕೆಂದರೆ ಗೊರಗೊರ ಸದ್ದಿಗೆ ನಾನು ಅಷ್ಟು ಹೆದರುವುದಿಲ್ಲ. ಎಷ್ಟೋ ಸಲ ಅದು ಮೂಗಿನ ಹಿಂದೆ ನಿಂತ ಸಿಂಬಳದ ಸದ್ದು, ಅಷ್ಟೇ. ಭಯ ಆಗುವುದು ಸದ್ದೇ ಮಾಡದೆ ಸುಮ್ನೆ ಮಲಗಿರುವ ಮಗುವನ್ನು ಕಂಡಾಗ.

ಎಂಟು ತಿಂಗಳ ಒಂದು ಮಗು ನೆನಪಿದೆ. ಅಜ್ಜಿ ಹೆಗಲ ಮೇಲೆ ಹಾಕಿಕೊಂಡು ಬಂದಿದ್ದರು. ಕೆಮ್ಮು ಅಷ್ಟೇನಿಲ್ಲ, ಜ್ವರವೂ ಇಳಿದಿದೆ, ಹಾಲು ಮಾತ್ರ ಕುಡೀತಿಲ್ಲ ಅಂದರು. ಎರಡು ಸ್ವೆಟರ್, ಟೋಪಿ, ಮೇಲೊಂದು ಟವೆಲ್. ಎಲ್ಲ ಬಿಚ್ಚಿಸಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದೆ, ನಿಮಿಷಕ್ಕೆ 68. ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಹಾಕಿದರೆ ಬರೀ ಶೇಕಡಾ 86. ಅಲ್ಲಿಂದಲೇ ಆಸ್ಪತ್ರೆಗೆ ಕಳಿಸಿದೆ, ನಾಲ್ಕು ದಿನ ಆಕ್ಸಿಜನ್ ಬೇಕಾಯಿತು, ಮಗು ಉಳಿಯಿತು. "ಶೀತ ಆಗುತ್ತೆ ಅಂತ ಮೂರು ದಿನದಿಂದ ಬಟ್ಟೆ ಬಿಚ್ಚೇ ಇರ್ಲಿಲ್ಲ" ಅಂದರು ಅಜ್ಜಿ. ಅವರದೇನೂ ತಪ್ಪಿಲ್ಲ, ಎಲ್ಲಿ ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಾನು ಹೇಳುತ್ತಿರುವುದು ನ್ಯುಮೋನಿಯಾ, ಅಂದರೆ ಶ್ವಾಸಕೋಶದ ಸೋಂಕಿನ ಬಗ್ಗೆ. ಅದು 2019ರಲ್ಲಿ ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 7.4 ಲಕ್ಷ ಮಕ್ಕಳನ್ನು ಕೊಂದಿತು. ಹೆಚ್ಚಿನ ಮಕ್ಕಳು ನಮ್ಮಂಥ ದೇಶಗಳವರು, ಆಫ್ರಿಕಾದವರು. ಎಕ್ಸ್‌ರೇ ದೂರ, ಡಾಕ್ಟರ್ ಇನ್ನೂ ದೂರ. ಹಾಗಾಗಿಯೇ ವಿಶ್ವ ಆರೋಗ್ಯ ಸಂಸ್ಥೆ ಉಸಿರು ಎಣಿಸುವುದನ್ನೇ ಪರೀಕ್ಷೆ ಮಾಡಿತು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಜಾಸ್ತಿ, ಎರಡು ತಿಂಗಳಿಂದ ಒಂದು ವರ್ಷದವರೆಗೆ 50 ಅಥವಾ ಜಾಸ್ತಿ, ಒಂದರಿಂದ ಐದು ವರ್ಷದವರೆಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಕೆಮ್ಮಿನ ಜೊತೆ ಇದು ಇದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಹಾಲು ಬಿಟ್ಟಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರಬೇಡಿ, ಹೊರಡಿ.

ಎಣಿಸುವುದಕ್ಕೂ ಒಂದು ರೀತಿ ಇದೆ. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು, ನಿದ್ದೆಯಲ್ಲಿದ್ದರೆ ಒಳ್ಳೆಯದು. ಬಟ್ಟೆ ಎತ್ತಿ, ಹೊಟ್ಟೆ ನೋಡಿ. ಮೇಲೆದ್ದು ಕೆಳಗಿಳಿದರೆ ಒಂದು. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಡೆಯುವುದಿಲ್ಲ, ಏಕೆಂದರೆ ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಜ್ವರ ಜೋರಾಗಿದ್ದರೆ ಉಸಿರೂ ಓಡುತ್ತದೆ, ಜ್ವರ ಇಳಿದ ಮೇಲೆ ಇನ್ನೊಮ್ಮೆ ಎಣಿಸಿ.

ಓದು ಬರಹ ಬಾರದವರಿಗೆ ಇದೆಲ್ಲ ಆಗುತ್ತಾ ಅಂತ ಕೇಳುತ್ತಾರೆ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾಕ್ಟರ್ ದಂಪತಿ ಅಭಯ್ ಬಂಗ್ ಮತ್ತು ರಾಣಿ ಬಂಗ್ ಸೂಲಗಿತ್ತಿಯರಿಗೇ ಇದನ್ನು ಕಲಿಸಿದರು. ಅವರಲ್ಲಿ ಅನೇಕರಿಗೆ ಐವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಅದಕ್ಕೆ ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳು, ಕೊನೆಯದು ಕೆಂಪು. ಹತ್ತು ಉಸಿರಿಗೆ ಒಂದು ಮಣಿ ಸರಿಸುವುದು, ಮರಳು ಮುಗಿಯುವ ಮೊದಲೇ ಕೆಂಪು ಮಣಿ ಬಂತೆಂದರೆ ನ್ಯುಮೋನಿಯಾ. ಹಳ್ಳಿಯ ಆರೋಗ್ಯ ಕಾರ್ಯಕರ್ತರು, ಸೂಲಗಿತ್ತಿಯರು ಮನೆ ಬಾಗಿಲಲ್ಲೇ ಔಷಧಿ ಕೊಟ್ಟು ಮಕ್ಕಳ ಸಾವು ಇಳಿಸಿದ್ದು 1990ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಕೈಯಲ್ಲಂತೂ ಸ್ಟಾಪ್‌ವಾಚ್ ಇರುವ ಫೋನಿದೆ, ಅಲ್ವಾ?

ಇನ್ನು ಮನೆಯೊಳಗಿನ ಕೆಲವು ಅಭ್ಯಾಸಗಳು. ಎಣ್ಣೆ ನೀರು ಹಾಕಿಸಿ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಬಿಡಿ ಅಂದರೆ ಅಜ್ಜಿಯರು ನನ್ನ ಮೇಲೆ ಮುನಿಸಿಕೊಳ್ಳುತ್ತಾರೆ. ಆದರೂ ಹೇಳುತ್ತೇನೆ, ಎಳೆ ಶ್ವಾಸಕೋಶಕ್ಕೆ ಸೌದೆ ಒಲೆಯದೂ ಹೊಗೆಯೇ, ಸಾಂಬ್ರಾಣಿಯದೂ ಹೊಗೆಯೇ. ಮೂಗಿಗೆ ಎಣ್ಣೆ ಬಿಡುವುದು ಅದಕ್ಕಿಂತ ಕೆಟ್ಟದ್ದು, ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅದೇ ಬೇರೆ ತರಹದ ನ್ಯುಮೋನಿಯಾ. ಬರೆ ಹಾಕಿಸಿಕೊಂಡ ಕೂಸುಗಳನ್ನೂ ನೋಡಿದ್ದೇನೆ, ಆ ಬಗ್ಗೆ ಬರೆಯಲು ಕೂತರೆ ಸಿಟ್ಟೇ ಬರುತ್ತದೆ.

ಕೊನೆಗೆ ತಾಯಿ ಕಾರ್ಡ್ ತೆಗೆದು ನೋಡಿ. ಪಿಸಿವಿ ಅಂತ ಒಂದು ಲಸಿಕೆ ಇದೆ, ನ್ಯುಮೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ವಿರುದ್ಧ. 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿದೆ, ದುಡ್ಡು ಕೊಡಬೇಕಿಲ್ಲ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ಜಾಸ್ತಿ ತಪ್ಪುವುದು ಒಂಬತ್ತು ತಿಂಗಳಿನದು, ತವರಿನಿಂದ ಗಂಡನ ಮನೆಗೆ ಬರುವ ಗಡಿಬಿಡಿಯಲ್ಲಿ. ತಪ್ಪಿದ್ದರೆ ಆಶಾ ಕಾರ್ಯಕರ್ತೆಯನ್ನೋ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಕೇಳಿ, ಯಾವಾಗ ಹಾಕಿಸಬಹುದು ಅಂತ ಹೇಳುತ್ತಾರೆ.