ಸರ್ವೆ ಲಿಂಕ್ ಕಳ್ಸೋ ಮುಂಚೆ ಜಗಲಿ ಮೇಲೆ ಕೂತ್ಕೊಳ್ಳಿ

ಫೋಕಸ್ ಗ್ರೂಪ್ ಮಾಡ್ಲಾ ಆನ್‌ಲೈನ್ ಸರ್ವೆ ಬಿಡ್ಲಾ ಅಂತ ಆಪ್ ಮಾಡೋ ಹುಡುಗ್ರು ಮಡಿಕೇರಿಗೆ ಬಂದು ಕೇಳ್ದಾಗೆಲ್ಲ ನಾನು ತಿರುಗಿ ಕೇಳೋದು ಒಂದೇ, ನಿಮಗೆ ಬೇಕಿರೋದು ಎಷ್ಟು ಜನ ಅನ್ನೋ ಲೆಕ್ಕಾನಾ, ಯಾಕೆ ಅನ್ನೋ ಕಾರಣಾನಾ? ಲೆಕ್ಕಕ್ಕೆ ಸರ್ವೆ, ಕಾರಣಕ್ಕೆ ಫೋಕಸ್ ಗ್ರೂಪ್, ಅಂದ್ರೆ ಆರೆಂಟು ಜನ ಕೂತು ಒಂದೂವರೆ ಗಂಟೆ ಮಾತು. ಆದ್ರೆ ಕೊಡಗಿನಲ್ಲಿ ಮಾತು ಮೊದ್ಲು, ಸರ್ವೆ ಆಮೇಲೆ, ಇದನ್ನ ನಾನು ಏಟು ತಿಂದೇ ಕಲ್ತಿದ್ದು.

ಕಾಫಿ ತೋಟದೋರು ಮಳೆ ಬರೆದಿಡೋ ಒಂದು ಆಪ್‌ಗೆ ಅಂತ ನಾವು ಸೀದಾ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪ್‌ಗಳಿಗೆ ಹಾಕಿದ್ವಿ, ಹೂ ಮಳೆ, ಅಂದ್ರೆ ಕಾಫಿ ಹೂ ಅರಳಿಸೋ ಮಳೆ, ಎಷ್ಟು ಬಂತು ಅಂತ ಕೇಳಿ ಪಕ್ಕದಲ್ಲಿ ಮಿಲಿಮೀಟರ್ ಅಂತ ಬರೆದಿದ್ವಿ. ಇಲ್ಲಿ ತೋಟದೋರು ಮಳೆ ಹೇಳೋದು ಇಂಚು ಸೆಂಟಲ್ಲಿ, ಒಂದು ಸೆಂಟು ಅಂದ್ರೆ ಇಂಚಿನ ನೂರನೇ ಒಂದು ಪಾಲು. ಒಬ್ರು 1.20 ಅಂತ ಹಾಕಿದ್ರು, ಇನ್ನೊಬ್ರು 120, ಮತ್ತೊಬ್ರು 30, ನೋಡಿದ್ರೆ ಮೂರೂ ಒಂದೇ ಮಳೆ ಇರಬಹುದು, ಯಾಕಂದ್ರೆ 1 ಇಂಚು 20 ಸೆಂಟು ಅಂದ್ರೆ ಹತ್ರ ಹತ್ರ 30 ಮಿ.ಮೀ. ಯಾರು ಯಾವ ಲೆಕ್ಕದಲ್ಲಿ ಬರೆದ್ರು ಅಂತ ಗೊತ್ತಾಗದೆ ಇಡೀ ಕಾಲಮ್ ಬಿಸಾಕಿದ್ವಿ. ಆಮೇಲೆ ಪೊನ್ನಂಪೇಟೆ ಕಡೆ ಒಂದು ಮನೆ ಜಗಲೀಲಿ ಏಳು ಜನರ ಜೊತೆ ಕೂತಾಗ ಹತ್ತೇ ನಿಮಿಷಕ್ಕೆ ವಿಷ್ಯ ಹೊರಗೆ ಬಂತು.

ಹಾಗಂತ ಗುಂಪಲ್ಲಿ ಹೇಳಿದ್ದೆಲ್ಲ ನಿಜ ಅನ್ಕೋಬೇಡಿ. ಅವತ್ತು ಮಾತಾಡಿದ್ದು ಹಿರಿಯರೊಬ್ರೇ, ಉಳಿದೋರು ಹೂಂ ಅಂದ್ರು ಅಷ್ಟೇ. ಕಾಫಿ ಲೋಟ ಎತ್ಕೊಂಡು ಹೋಗೋಕೆ ಬಂದ ಆ ಮನೆ ಹೆಂಗಸು ಮೆಲ್ಲಗೆ ಹೇಳಿದ್ರು, ಮಳೆ ಅಳೆದು ಡೈರೀಲಿ ಬರೆಯೋದು ನಾನು, ಸ್ಮಾರ್ಟ್‌ಫೋನ್ ಇರೋದು ಮಗನ ಹತ್ರ ಅಂತ. ನಾವು ಆಪ್ ಮಾಡ್ತಿದ್ದಿದ್ದೇ ಅವರಿಗೋಸ್ಕರ, ಅವರನ್ನೇ ಕರೆದಿರ್ಲಿಲ್ಲ! ಅಂದಿನಿಂದ ಹೆಂಗಸರದ್ದು, ಚಿಕ್ಕ ವಯಸ್ಸಿನೋರದ್ದು, ತೋಟದ ಲೈನ್ ಮನೆಗಳಲ್ಲಿರೋ ಕೆಲಸದೋರದ್ದು ಬೇರೆ ಬೇರೆ ಗುಂಪು ಮಾಡ್ತೀನಿ.

ಸರ್ವೆಗೆ ಸಾವಿರ ಜನ ಬಂದ್ರು ಅಂತ ಖುಷಿಪಡೋರಿಗೆ 1936ರ ಅಮೆರಿಕ ಚುನಾವಣೆ ಹೇಳ್ತೀನಿ. ಯಾರಿಗೆ ಓಟು ಅಂತ ಅಂಚೇಲಿ ಕೇಳಿದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿತ್ತು, ಲ್ಯಾಂಡನ್ ಗೆಲ್ತಾರೆ ಅಂದ್ರು, ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ರು. ಕಳಿಸಿದ ಪಟ್ಟಿಯಲ್ಲಿ ಫೋನು ಕಾರು ಇದ್ದೋರೇ ಹೆಚ್ಚು, ಅದ್ರಲ್ಲೂ ಮನಸ್ಸಿದ್ದೋರು ಮಾತ್ರ ವಾಪಸ್ ಕಳಿಸಿದ್ರು. 400 ಜನ ಸಾಕು, ಶೇ. 5ರಷ್ಟು ಆಚೀಚೆ ಆಗ್ಬಹುದು ಅಂತೀವಲ್ಲ, ಆ ಲೆಕ್ಕ ನಡೆಯೋದು ಜನರನ್ನ ಚೀಟಿ ಎತ್ತಿದ ಹಾಗೆ ಆರಿಸಿದ್ರೆ ಮಾತ್ರ, ಫಾರ್ವರ್ಡ್ ಆದ ಲಿಂಕಿಗಲ್ಲ. ಜುಲೈ ಮಳೇಲಿ ಕರೆಂಟು ನೆಟ್‌ವರ್ಕು ಎರಡೂ ಹೋದ ಊರಿಂದ ಆ ಲಿಂಕಿಗೆ ಯಾರು ಉತ್ತರ ಕೊಡ್ತಾರೆ ಹೇಳಿ.

ಈಗ ನಮ್ಮ ಫಾರ್ಮಲ್ಲಿ ಇಂಚಿಗೊಂದು ಬಾಕ್ಸು, ಸೆಂಟಿಗೊಂದು ಬಾಕ್ಸು ಇದೆ, ಅದ್ರ ಮೇಲೆ ಮೊದಲ್ನೇ ಪ್ರಶ್ನೆ: ನಿಮ್ಮನೇಲಿ ಮಳೆ ಬರೆಯೋರು ಯಾರು?