ಮಳೆ, ಮೋಡ, ಧೂಳು ಮತ್ತು ಸ್ಟೆಲ್ತ್ ವಿಮಾನ: ಜೊತೆಗೆ ಓದುವವರಿಗೊಂದು ಟಿಪ್ಪಣಿ

ಬಳ್ಳಾರಿಯಲ್ಲಿ ವಾಯುಪಡೆ ಪರೀಕ್ಷೆಗೆ ಓದುತ್ತಿರುವ ನಮ್ಮಲ್ಲಿ ಹಲವರ ಬಾಯಲ್ಲಿ ಒಂದೇ ಮಾತು: ಮೋಡ ಕವಿದರೆ ರೇಡಾರ್‌ಗೆ ವಿಮಾನ ಕಾಣುವುದಿಲ್ಲ, ರೇಡಾರ್‌ಗೆ ಆದಷ್ಟು ಸಿಗದಂತೆ ರೂಪಿಸಿದ ಸ್ಟೆಲ್ತ್ ವಿಮಾನವಂತೂ ಕಾಣುವುದೇ ಇಲ್ಲ. ಇದರಲ್ಲಿ ಸ್ವಲ್ಪ ನಿಜವಿದೆ, ಬಹುಪಾಲು ತಪ್ಪು. ಸರಿಯಾಗಿ ತಿಳಿಯಬೇಕಾದರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಹುಡುಕುತ್ತಿರುವ ರೇಡಾರಿನ ತರಂಗದೂರ (ಒಂದು ಅಲೆಯ ಉದ್ದ) ಎಷ್ಟು ಎಂಬುದು. ಅದು ಗೊತ್ತಿಲ್ಲದೆ "ಹವಾಮಾನದಿಂದ ಏನಾಗುತ್ತದೆ" ಎಂದು ಕೇಳಿದರೆ ಉತ್ತರವೇ ಇಲ್ಲ.

ಮೋಡದ ಹನಿ, ಮಳೆಯ ಹನಿ

ಮೋಡದೊಳಗಿನ ಹನಿಯ ಅಗಲ ಸುಮಾರು 0.02 ಮಿ.ಮೀ. ಮಳೆಹನಿಯದು 2 ಮಿ.ಮೀ. ಇರಬಹುದು, ಅಂದರೆ ನೂರು ಪಟ್ಟು. ತರಂಗದೂರಕ್ಕಿಂತ ಬಹಳ ಚಿಕ್ಕದಾದ ಹನಿ ರೇಡಾರ್ ತರಂಗವನ್ನು ಹಿಂದಕ್ಕೆ ಚೆದುರಿಸುವ ಪ್ರಮಾಣ ಅದರ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. ನೂರರ ಆರನೇ ಘಾತ ಎಂದರೆ ಒಂದು ಲಕ್ಷ ಕೋಟಿ. ಅಷ್ಟು ಮೋಡದ ಹನಿಗಳು ಮಾಡುವ ಕೆಲಸವನ್ನು ಒಂದೇ ಮಳೆಹನಿ ಮಾಡುತ್ತದೆ! ಹಾಗಾಗಿ ಬರೀ ಮೋಡ ಸಾಮಾನ್ಯ ರೇಡಾರ್‌ಗೆ ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರುವುದು ಸುರಿಯುವ ಮಳೆ.

ಇದೇ ಸೂತ್ರದ ಇನ್ನೊಂದು ಮುಖ ತರಂಗದೂರದ್ದು. ಅದರ ನಾಲ್ಕನೇ ಘಾತಕ್ಕೆ ವಿಲೋಮವಾಗಿ ಚೆದುರುವಿಕೆ ಇಳಿಯುತ್ತದೆ. 3 ಸೆಂ.ಮೀ. ತರಂಗದೂರದ ಎಕ್ಸ್ ಬ್ಯಾಂಡ್ ರೇಡಾರ್‌ಗೆ ಹೋಲಿಸಿದರೆ 10 ಸೆಂ.ಮೀ.ಯ ಎಸ್ ಬ್ಯಾಂಡ್ ರೇಡಾರ್‌ಗೆ ಅದೇ ಮಳೆಯಿಂದ ಬರುವ ಗದ್ದಲ (ಬೇಡದ ಪ್ರತಿಧ್ವನಿ) ನೂರರಲ್ಲೊಂದು ಪಾಲಿಗಿಂತಲೂ ಕಡಿಮೆ. ಒಂದೆರಡು ಮೀಟರ್ ತರಂಗದೂರದ ವಿಎಚ್‌ಎಫ್ ರೇಡಾರ್‌ಗೆ ಮಳೆ ಬರುತ್ತಿದೆ ಎಂಬುದೇ ತಿಳಿಯುವುದಿಲ್ಲ.

ಈಗ ಲೆಕ್ಕ. ಗಂಟೆಗೆ 25 ಮಿ.ಮೀ. ಸುರಿಯುವ ಮಳೆಯಲ್ಲಿ ಎಕ್ಸ್ ಬ್ಯಾಂಡ್ ತರಂಗ ಪ್ರತಿ ಕಿ.ಮೀ.ಗೆ ಸುಮಾರು 0.6 ಡೆಸಿಬೆಲ್ ಕುಗ್ಗುತ್ತದೆ (3 ಡೆಸಿಬೆಲ್ ಕುಗ್ಗಿದರೆ ಬಲ ಅರ್ಧಕ್ಕೆ ಇಳಿಯಿತು ಎಂದರ್ಥ). ರೇಡಾರ್ ಮುಂದೆ 5 ಕಿ.ಮೀ. ಮಳೆ ಇದೆ ಎನ್ನಿ. ಹೋಗಿ ಬರುವ ದಾರಿ 10 ಕಿ.ಮೀ., ನಷ್ಟ 6 ಡೆಸಿಬೆಲ್, ಮರಳಿ ಬರುವ ಸಂಕೇತ ಕಾಲು ಭಾಗಕ್ಕೆ ಇಳಿಯಿತು. ಪತ್ತೆಯಾಗುವ ದೂರ ಸಂಕೇತದ ಬಲದ ನಾಲ್ಕನೇ ಮೂಲವನ್ನು ಅನುಸರಿಸುವುದರಿಂದ ಆ ದೂರ ಸುಮಾರು 0.7 ಪಟ್ಟಾಗುತ್ತದೆ.

ಸಾಧಾರಣ ವಿಮಾನವೊಂದು ಆ ರೇಡಾರ್‌ಗೆ 160 ಕಿ.ಮೀ. ದೂರದಲ್ಲಿ ಕಾಣುತ್ತದೆ ಎಂದು ಇಟ್ಟುಕೊಳ್ಳೋಣ. ಸ್ಟೆಲ್ತ್ ವಿಮಾನದ ರೇಡಾರ್ ಕ್ರಾಸ್ ಸೆಕ್ಷನ್ (ರೇಡಾರ್ ಕಣ್ಣಿಗೆ ಅದು ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಳತೆ), ಅಂದರೆ ಆರ್‌ಸಿಎಸ್, ಹತ್ತು ಸಾವಿರದಲ್ಲೊಂದು ಪಾಲಾದರೆ ಅದು ಕಾಣುವ ದೂರ 16 ಕಿ.ಮೀ. ಮಳೆ ಬಂದಾಗ ಮೊದಲನೆಯದು 160ರಿಂದ 113ಕ್ಕೆ, ಎರಡನೆಯದು 16ರಿಂದ 11ಕ್ಕೆ ಇಳಿಯುತ್ತದೆ. ಅನುಪಾತ ಒಂದೇ. ಆದರೆ ಸಾಧಾರಣ ವಿಮಾನಕ್ಕೆ ಸಿಕ್ಕ ಮರೆ 47 ಕಿ.ಮೀ., ಸ್ಟೆಲ್ತ್‌ಗೆ ಸಿಕ್ಕಿದ್ದು 5 ಮಾತ್ರ. ಮಳೆಯ ಲಾಭ ಸ್ಟೆಲ್ತ್ ವಿಮಾನಕ್ಕೇ ಹೆಚ್ಚು ಎಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕು.

ಇನ್ನೂ ಮುಖ್ಯವಾದ ಮಾತು ಇಲ್ಲಿದೆ. ಸ್ಟೆಲ್ತ್ ಆಕಾರ ಮತ್ತು ಲೇಪನ ಅತಿ ಚೆನ್ನಾಗಿ ಕೆಲಸ ಮಾಡುವುದು ಎಕ್ಸ್ ಬ್ಯಾಂಡಿನ ಆಸುಪಾಸಿನಲ್ಲಿ. ಮಳೆ ಹೆಚ್ಚು ಕಾಡುವುದೂ ಅಲ್ಲೇ. ವಿಎಚ್‌ಎಫ್‌ನಲ್ಲಿ ತರಂಗದೂರ ರೆಕ್ಕೆ, ಬಾಲಗಳ ಅಳತೆಗೆ ಹತ್ತಿರ ಬರುವುದರಿಂದ ಆಕಾರದ ಚಮತ್ಕಾರ ತಗ್ಗುತ್ತದೆ, ಮಳೆಯೂ ನೆರವಿಗೆ ಬರುವುದಿಲ್ಲ. ಅಂದರೆ ವಿಮಾನ ಎಲ್ಲಿ ಮೊದಲೇ ಗಟ್ಟಿಯೋ ಅಲ್ಲಿ ಮಾತ್ರ ಮಳೆ ಕೈಹಿಡಿಯುತ್ತದೆ. ಎಲ್ಲಿ ದುರ್ಬಲವೋ ಅಲ್ಲಿ ಕೈಬಿಡುತ್ತದೆ. 1999ರ ಮಾರ್ಚ್ 27ರ ರಾತ್ರಿ ಸರ್ಬಿಯಾದಲ್ಲಿ ಅಮೆರಿಕದ ಎಫ್-117 ಸ್ಟೆಲ್ತ್ ವಿಮಾನ ಉರುಳಿದ ಪ್ರಕರಣವನ್ನು ಈ ಕಣ್ಣಿನಿಂದ ಓದಿ. ಅಲ್ಲಿನ ಪಡೆ ಹುಡುಕಲು ಬಳಸಿದ್ದು ಪಿ-18 ಎಂಬ ವಿಎಚ್‌ಎಫ್ ರೇಡಾರ್, ಹೊಡೆದದ್ದು ಎಸ್-125 ಕ್ಷಿಪಣಿ. ಆದರೆ ವಿಎಚ್‌ಎಫ್ ರೇಡಾರ್ "ಆ ಕಡೆ ಏನೋ ಇದೆ" ಎನ್ನುವಷ್ಟು ಮಾತ್ರ ಹೇಳಬಲ್ಲದು. ಕ್ಷಿಪಣಿಗೆ ದಾರಿ ತೋರಿಸಲು ಚಿಕ್ಕ ತರಂಗದ ರೇಡಾರೇ ಬೇಕು. ಜೋರು ಮಳೆ ಅಡ್ಡಬಂದರೆ ಆ ಎರಡನೇ ಹೆಜ್ಜೆ ಕಷ್ಟವಾಗಬಹುದು, ಮೊದಲನೆಯದು ಆಗುವುದಿಲ್ಲ.

ಮಳೆಯ ಗದ್ದಲದಲ್ಲಿ ವಿಮಾನ ಕಳೆದುಹೋಗುವುದಿಲ್ಲವೇ ಎಂದು ಕೇಳಬಹುದು. ಹಳೆಯ ರೇಡಾರ್‌ಗಳಲ್ಲಿ ಹೋಗುತ್ತಿತ್ತು. ಈಗಿನವು ಡಾಪ್ಲರ್ ಪರಿಣಾಮದಿಂದ (ಚಲಿಸುವ ವಸ್ತುವಿನಿಂದ ಮರಳುವ ತರಂಗದ ಆವರ್ತನ ಬದಲಾಗುವುದು) ವೇಗ ನೋಡಿ ಬೇರ್ಪಡಿಸುತ್ತವೆ: ಮಳೆ ಗಾಳಿಯ ವೇಗದಲ್ಲಿ ಸಾಗುತ್ತದೆ, ವಿಮಾನ ಸೆಕೆಂಡಿಗೆ 250 ಮೀಟರ್ ಹೋಗುತ್ತದೆ. ಆದರೆ ವಿಮಾನ ರೇಡಾರ್‌ಗೆ ಅಡ್ಡಲಾಗಿ ಹಾರಿದಾಗ ಈ ವ್ಯತ್ಯಾಸ ಅಳಿದುಹೋಗುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿ.

ಗಾಳಿಯೇ ತರಂಗವನ್ನು ಬಾಗಿಸಿದಾಗ

ಈ ಭಾಗವನ್ನು ಗೈಡ್‌ಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. ನನ್ನ ಮಟ್ಟಿಗೆ ಇದು ಮಳೆಗಿಂತ ದೊಡ್ಡ ವಿಷಯ.

ಸಾಮಾನ್ಯ ವಾತಾವರಣದಲ್ಲಿ ರೇಡಾರ್ ಕಾಣಬಲ್ಲ ದಿಗಂತಕ್ಕೆ ಸೂತ್ರ ಹೀಗಿದೆ: ಕಿ.ಮೀ.ಯಲ್ಲಿ ದೂರ = 4.12 × (√ಆಂಟೆನಾ ಎತ್ತರ + √ವಿಮಾನದ ಎತ್ತರ). ಎತ್ತರಗಳು ಮೀಟರ್‌ನಲ್ಲಿರಬೇಕು. ಬಳ್ಳಾರಿಯ ಬಯಲಿನಲ್ಲಿ 16 ಮೀಟರ್ ಎತ್ತರದ ಆಂಟೆನಾ, 100 ಮೀಟರ್ ಎತ್ತರದಲ್ಲಿ ಬರುವ ವಿಮಾನ: ಉತ್ತರ ಸುಮಾರು 58 ಕಿ.ಮೀ. ಅದೇ ಆಂಟೆನಾವನ್ನು ಗುಡ್ಡ ಹತ್ತಿಸಿ 144 ಮೀಟರ್‌ಗೆ ಏರಿಸಿದರೆ 91 ಕಿ.ಮೀ. ಆಗುತ್ತದೆ.

ಈ ಸೂತ್ರ ಮುರಿಯುವುದು ಉಷ್ಣತೆಯ ವಿಲೋಮದಲ್ಲಿ. ಚಳಿಗಾಲದ ತಿಳಿ ರಾತ್ರಿಗಳಲ್ಲಿ ನಮ್ಮ ಎರೆನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ಅಂಟಿದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಅಂಥ ರಾತ್ರಿ ತೋರಣಗಲ್ಲಿನ ಕಡೆ ಹೋಗುವ ಅದಿರಿನ ಗೂಡ್ಸ್ ರೈಲಿನ ಕೂಗು ಎಂದೂ ಕೇಳದಷ್ಟು ದೂರಕ್ಕೆ ಕೇಳಿಸುತ್ತದಲ್ಲ, ಬಾಗಿದ ಶಬ್ದ ನೆಲದ ಮೇಲೇ ಸಾಗುವುದರಿಂದ. ರೇಡಾರ್ ತರಂಗವೂ ಹಾಗೆಯೇ ಬಾಗಿ, ತಂಪು ಪದರದೊಳಗೆ ಸಿಕ್ಕಿಕೊಂಡು ದಿಗಂತದಾಚೆಗೆ ಹೋಗುತ್ತದೆ. ಇದಕ್ಕೆ ಡಕ್ಟಿಂಗ್ ಎನ್ನುತ್ತಾರೆ. ಮೇಲೆ ಹೋದಂತೆ ತೇವಾಂಶ ತಟ್ಟನೆ ಇಳಿಯುವ ಸಮುದ್ರದ ಮೇಲೆ ಇದು ಇನ್ನೂ ಬಲವಾಗಿರುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಮುಂಬೈಯಲ್ಲಿದ್ದ, ಸುಮಾರು ಒಂದೂವರೆ ಮೀಟರ್ ತರಂಗದೂರದ ರೇಡಾರ್‌ಗೆ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ತೀರ ಕಾಣಿಸುತ್ತಿತ್ತು!

ಸ್ಟೆಲ್ತ್‌ಗೆ ಇದರ ಅರ್ಥ ಎರಡು ಬಗೆ. ಕೆಳಗೆ ನುಸುಳಿ ಬರುವ ವಿಮಾನ ನೆಚ್ಚಿದ ದಿಗಂತದ ಮರೆ ಡಕ್ಟ್ ಇದ್ದ ದಿನ ಇಲ್ಲವಾಗಬಹುದು. ಅದೇ ದಿನ ಡಕ್ಟಿನ ತುಸು ಮೇಲೆ ಹಾರುವ ವಿಮಾನಕ್ಕೆ ತರಂಗವೇ ಸರಿಯಾಗಿ ತಲುಪದ ಕುರುಡು ಪಟ್ಟಿ ಸಿಗಬಹುದು.

ಬಿಸಿ, ಬಿಳಿ ಗೆರೆ

ರೇಡಾರ್‌ನಿಂದ ಮರೆಯಾದರೂ ವಿಮಾನದ ಬಿಸಿ ಮರೆಯಾಗುವುದಿಲ್ಲ. ಬಿಸಿಯನ್ನು ಗುರುತಿಸುವ ಅವಕೆಂಪು (ಇನ್ಫ್ರಾರೆಡ್) ಸಂವೇದಕಗಳು ಗಾಳಿ ಹೆಚ್ಚು ತಡೆಯದ 3-5 ಮತ್ತು 8-12 ಮೈಕ್ರಾನ್ ತರಂಗದೂರದ ಕಿಟಕಿಗಳಲ್ಲಿ ನೋಡುತ್ತವೆ. ಇಲ್ಲಿ ಮೋಡ ನಿಜಕ್ಕೂ ಗೋಡೆ, ತೇವಾಂಶ ಪರದೆ. 10 ಕಿ.ಮೀ. ಮೇಲಿನ ಒಣ, ತಣ್ಣನೆ ಗಾಳಿಯಲ್ಲಿ ಅವು ಬಹುದೂರ ನೋಡುತ್ತವೆ. ತಂಪು ಆಕಾಶದ ಹಿನ್ನೆಲೆಯಲ್ಲಿ ಬಿಸಿ ವಿಮಾನ ಎದ್ದು ಕಾಣುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನ ಕಾದ ನೆಲದ ಹಿನ್ನೆಲೆಯಲ್ಲಿ, ಮೇಲಿನಿಂದ ನೋಡುವವರಿಗೆ, ಅಷ್ಟು ಕಾಣುವುದಿಲ್ಲ.

ವಿಮಾನದ ಹಿಂದೆ ಆಕಾಶದಲ್ಲಿ ಬಿಳಿ ಗೆರೆ ಮೂಡುವುದು ಎಂಜಿನ್ನಿನ ಆವಿ ಸುಮಾರು ಮೈನಸ್ 40 ಡಿಗ್ರಿ ಅಥವಾ ಅದಕ್ಕೂ ತಂಪಾದ ಗಾಳಿಯಲ್ಲಿ ಹೆಪ್ಪುಗಟ್ಟಿದಾಗ. ಉಷ್ಣವಲಯದಲ್ಲಿ ಆ ಎತ್ತರದ ಗಾಳಿ ಯುರೋಪಿನದಕ್ಕಿಂತ ಬೆಚ್ಚಗಿರುವುದರಿಂದ ಗೆರೆ ಮೂಡಲು ವಿಮಾನ ಇನ್ನೂ ಮೇಲೇರಬೇಕು. ಅಮೆರಿಕದ ಬಿ-2 ಸ್ಟೆಲ್ತ್ ಬಾಂಬರ್‌ನಲ್ಲಿ ಹಿಂದೆ ಗೆರೆ ಮೂಡುತ್ತಿದೆಯೇ ಎಂದು ಲೇಸರ್‌ನಿಂದ ನೋಡಿ ಪೈಲಟ್‌ಗೆ ಎಚ್ಚರಿಸುವ ವ್ಯವಸ್ಥೆಯನ್ನೇ ಇಟ್ಟರು. ಎಚ್ಚರಿಕೆ ಬಂದರೆ ಎತ್ತರ ಬದಲಿಸಬೇಕು, ಅಷ್ಟೇ.

ಚರ್ಮಕ್ಕೆ ತಟ್ಟುವ ಹವೆ

ಇಷ್ಟೂ ದಾರಿಯ ಮಾತು. ವಿಮಾನದ ಮೈಗೂ ಹವೆ ತಟ್ಟುತ್ತದೆ, ಮತ್ತು ಪೆಟ್ಟು ಜೋರಾಗಿರುವುದು ಇಲ್ಲೇ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಸುಮಾರು 80. ತರಂಗ ಹೀರುವ ಲೇಪನದ ಮೇಲೆ ನೀರಿನ ಪದರ ನಿಂತರೆ, ಬಿರುಕಿನೊಳಗೆ ತೇವ ಸೇರಿದರೆ, ಲೆಕ್ಕ ಹಾಕಿ ಕೂರಿಸಿದ ಗುಣಗಳು ಕೆಡುತ್ತವೆ. ಅಮೆರಿಕದ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ 1997ರಲ್ಲಿ, ಬಿ-2ರ ಲೇಪನ ತೇವ ಮತ್ತು ಹವಾಮಾನಕ್ಕೆ ಸೂಕ್ಷ್ಮ, ಅದಕ್ಕೆ ವಿಶೇಷ ಹ್ಯಾಂಗರ್ ಬೇಕು ಎಂದು ವರದಿ ಕೊಟ್ಟಿತು. 2008ರ ಫೆಬ್ರುವರಿ 23ರಂದು ಗುವಾಮ್‌ನಲ್ಲಿ ಬಿ-2 ಒಂದು ಮೇಲೇರುವಾಗಲೇ ಬಿದ್ದಿತು. ಗಾಳಿಯ ಒತ್ತಡ ಅಳೆಯುವ ಸಂವೇದಕಗಳಲ್ಲಿ ಸೇರಿದ್ದ ತೇವ ಕಾರಣ. ವಿಮಾನದ ಗಣಕಕ್ಕೆ ತಪ್ಪು ವೇಗ ಸಿಕ್ಕಿತ್ತು. ಪೈಲಟ್‌ಗಳಿಬ್ಬರೂ ಹೊರಚಿಮ್ಮಿ ಬದುಕಿದರು.

2025ರ ಜೂನ್ 14ರಂದು ಬ್ರಿಟಿಷ್ ಸ್ಟೆಲ್ತ್ ವಿಮಾನ ಎಫ್-35ಬಿ ತಿರುವನಂತಪುರದಲ್ಲಿ ಇಳಿದದ್ದನ್ನು ಕೆಲವರು "ಮಳೆಯಲ್ಲಿ ಸ್ಟೆಲ್ತ್ ಸಿಕ್ಕಿಬಿತ್ತು" ಎಂದು ಹೇಳುವುದಿದೆ. ಅದು ಸಲ್ಲದ ತೀರ್ಮಾನ. ಕೆಟ್ಟ ಹವಾಮಾನದಲ್ಲಿ ಇಂಧನ ಕಡಿಮೆಯಾಗಿ ನೆರವು ಕೇಳಿ ಇಳಿದ ವಿಮಾನ ಅಡಗುವುದಿಲ್ಲ. ಶಾಂತಿಕಾಲದಲ್ಲಿ ಇಂಥ ವಿಮಾನಗಳು ಬೇಕೆಂದೇ ರೇಡಾರ್‌ಗೆ ಕಾಣುವ ಪ್ರತಿಫಲಕ ಕಟ್ಟಿಕೊಂಡು ಹಾರುವುದು ರೂಢಿ.

ಸಂಡೂರಿನ ಕೆಂಪು ಧೂಳು

ಕೊನೆಗೊಂದು ಪ್ರಶ್ನೆ, ನಮ್ಮೂರಿನವರೇ ಕೇಳಬಹುದಾದದ್ದು. ತರಂಗ ಹೀರುವ ಕೆಲವು ಲೇಪನಗಳಲ್ಲಿ ಕಬ್ಬಿಣದ ಸಣ್ಣ ಕಣಗಳಿರುತ್ತವೆ. ಹಾಗಾದರೆ ಸಂಡೂರಿನ ಅದಿರಿನ ಧೂಳು ಎದ್ದಾಗ ವಿಮಾನ ಮರೆಯಾಗುತ್ತದೆಯೇ? ಇಲ್ಲ. ಲೇಪನದಲ್ಲಿರುವುದು ಶುದ್ಧ ಕಬ್ಬಿಣದ ದುಂಡನೆ ಕಣ, ಒತ್ತೊತ್ತಾಗಿ ಕೂರಿಸಿದ್ದು. ಸಂಡೂರಿನ ಅದಿರು ಹೆಮಟೈಟ್, ಅದರ ಕಾಂತಗುಣ ಬಹಳ ದುರ್ಬಲ, ಗಾಳಿಯಲ್ಲಿ ಅದು ತೀರಾ ವಿರಳ. ಕಣದ ಗಾತ್ರವೂ 3 ಸೆಂ.ಮೀ. ತರಂಗದ ಮುಂದೆ ಏನೇನೂ ಅಲ್ಲ. ಆದರೆ ಮೈಕ್ರಾನ್ ಅಳತೆಯ ಧೂಳು ಮೈಕ್ರಾನ್ ಅಳತೆಯ ಅವಕೆಂಪು ಬೆಳಕನ್ನು ಚೆನ್ನಾಗಿಯೇ ತಡೆಯುತ್ತದೆ. ರೇಡಾರ್‌ಗೆ ಕಾಣುವ ವಿಮಾನ ಅದೇ ಧೂಳಿನಲ್ಲಿ ಕಣ್ಣಿಗೂ ಅವಕೆಂಪು ಸಂವೇದಕಕ್ಕೂ ಮಸುಕಾಗಬಹುದು. ಇದಲ್ಲದೆ ಧೂಳು ರೆಕ್ಕೆಯ ಮುಂದಂಚನ್ನು ಉಜ್ಜಿ ಸವೆಸುತ್ತದೆ, ಆರ್‌ಸಿಎಸ್ ಕಡಿಮೆ ಮಾಡಲೆಂದು ಅತಿ ನಯವಾಗಿ ಮಾಡಿದ ಜಾಗವೇ ಅದು.